ನಾರ್ವೆಯ ಆಟಗಾರರ ಚೆಂಡಿಗೆ ಅಪ್ಪ ಎಣ್ಣೆ ಹಚ್ಚಿದ್ದು

ಪ್ರೀತಿಯ ಮೊಮ್ಮಕ್ಕಳ ಗಮನಕ್ಕೆ,

ಬರೆದು ಅಭ್ಯಾಸವಿಲ್ಲದ ಈ ಅಜ್ಜನ ಕಾಗುಣಿತವನ್ನೂ ಸೊಟ್ಟ ಅಕ್ಷರವನ್ನೂ ದಯವಿಟ್ಟು ಮನ್ನಿಸತಕ್ಕದ್ದು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಯಪಡಿಸುವುದೇನೆಂದರೆ, ನಾನು ಚಿಕ್ಕವನಿದ್ದಾಗ ಸೌದಿಯ ತೈಲ ಕಂಪನಿಯ ಊರಾದ ಅಬ್ಕೈಕ್‌ನ ನಮ್ಮ ಕ್ಯಾಂಪಿನಲ್ಲಿ ನಾರ್ವೆಯ ಮುದುಕರೊಬ್ಬರಿದ್ದರು. ಅವರನ್ನು ಕಂಡರೆ ನನಗಾಗುತ್ತಿರಲಿಲ್ಲ. ಈಗಲೂ ಅಷ್ಟಕ್ಕಷ್ಟೇ.

ಅವರು ಅಪ್ಪನ ಮೇಲಧಿಕಾರಿಯ ತಂದೆ. ಮೀನುಗಾರರ ಮನೆಯಲ್ಲಿ ಹುಟ್ಟಿ, ಹಿಮ ಹೆಪ್ಪುಗಟ್ಟಿದ ನೆಲದಲ್ಲಿ ಆಡಿ ಬೆಳೆದು, ತಮ್ಮ ದೇಶದ ಪರ ಫುಟ್‌ಬಾಲ್ ಆಡಿದ ಮೊದಮೊದಲಿನವರಲ್ಲಿ ಒಬ್ಬರಾಗಿದ್ದರು. ಅವರು ಗೋಲು ಹೊಡೆದು ಊರಿಗೆ ಮರಳಿದರೆ ಬಂದರಿನ ದೋಣಿಗಳೆಲ್ಲ ಕೊಂಬು ಊದುತ್ತಿದ್ದವಂತೆ. ಮಂಡಿ ಮುರಿದ ಮೇಲೆ ಬೂಟು ಹೊಲಿದು ಬದುಕಿದರು. ಇಷ್ಟನ್ನೂ ಅವರ ಹರಕು ಇಂಗ್ಲಿಷಿನಿಂದ ಅಕ್ಕ ನಮಗೆ ತಿರುಗಿಸಿ ಹೇಳಿದ್ದಳು.

ಕ್ವಾರ್ಟರ್ಸಿನ ಹಿಂದಿನ ಮರಳು ಮೈದಾನದಲ್ಲಿ ಅವರು ಕುರ್ಚಿ ಹಾಕಿಕೊಂಡು ಮಕ್ಕಳನ್ನೆಲ್ಲ ಬೈಯುತ್ತಿದ್ದರು. ಶುಕ್ರವಾರದ ಪಂದ್ಯಕ್ಕೆ ಆಯ್ಕೆ ಅವರದೇ. ನನ್ನ ಬರಿಗಾಲು ಕಂಡು ಮೂಗು ಮುರಿದರು. ಕಡೆಗೆ ತಮ್ಮ ಕೊನೆಯ ಪಂದ್ಯದ ತೊಗಲಿನ ಚೆಂಡನ್ನು ನನ್ನ ಕೈಗಿಟ್ಟು, ಆಡಲು ಯೋಗ್ಯವಾಗಿ ತಂದರೆ ಮಾತ್ರ ತಂಡದಲ್ಲಿ ಸ್ಥಾನವೆಂದು ಷರತ್ತು ವಿಧಿಸಿದರು.

"ಎಂತ ಮಾರಾಯ ಇದು, ಒಣಗಿ ಹಪ್ಪಳ ಆಗಿದೆ! ದೊಡ್ಡ ಆಟಗಾರನಂತೆ, ಒಂದು ಎಣ್ಣೆ ಹಚ್ಚಲಿಕ್ಕೆ ಗೊತ್ತಿಲ್ಲ" ಎಂದು ಅಪ್ಪ ಹಂಗಿಸಿದರು. ನಮ್ಮ ಕರಾವಳಿಯಲ್ಲಿ ಅಪ್ಪನ ಓರಗೆಯವರು ಮಳೆಗಾಲಕ್ಕೆ ಮೊದಲು ಚೆಂಡಿಗೆ ತೆಂಗಿನೆಣ್ಣೆ ತಿಕ್ಕುತ್ತಿದ್ದರು. ಊರಿನಿಂದ ತಂದ ಎಣ್ಣೆಯನ್ನು ಅಪ್ಪ ಹೊಲಿಗೆ ಹೊಲಿಗೆಗೂ ಉಣಿಸಿದರು. ಮನೆಯೆಲ್ಲ ಅದೇ ಪರಿಮಳ.

ಶುಕ್ರವಾರ ಆ ಚೆಂಡು ಮೈದಾನದಲ್ಲಿ ನಾಲ್ಕು ಸುತ್ತು ಉರುಳುವಷ್ಟರಲ್ಲಿ ಮೈತುಂಬ ಮರಳು ಮೆತ್ತಿಕೊಂಡು ರವೆ ಉಂಡೆಯಂತಾಯಿತು. ಮುದುಕರ ಮುಖ ಕೆಂಪೇರಿತು. ಕೋಲೆತ್ತಿ ನನ್ನನ್ನು ಹೊರಗೆ ಹೋಗೆಂದರು.

ಅಪ್ಪ ನುಗ್ಗಿ ಬಂದರು. "ಹುಡುಗನಿಗೆ ಯಾಕೆ ಬೈಯುವುದು? ಹಚ್ಚಿದ್ದು ನಾನು! ಎಣ್ಣೆ ಇಲ್ಲದೆ ತೊಗಲು ಉಳೀತದಾ, ಕೇಳು ಅವರತ್ರ!"

ಅಕ್ಕ ಕೇಳಿದಳು, ಉತ್ತರ ತಂದಳು. "ಮಳೆ ಬರುವ ಊರಲ್ಲಿ ಹಚ್ಚಬೇಕಂತೆ ಅಪ್ಪ. ಈ ಮರಳಲ್ಲಿ ಹಚ್ಚುವವರಿಗೆ ತಲೆ ಸರಿ ಇಲ್ಲವಂತೆ."

ಅಷ್ಟರಲ್ಲಿ ನನ್ನ ಕಣ್ಣು ಅವರ ಬೂಟಿನ ಮೇಲೆ ಬಿತ್ತು. ತಮ್ಮ ಊರಿನ ರೂಢಿಯಂತೆ ಅವರು ದಿನವೂ ಮೀನೆಣ್ಣೆ ತಿಕ್ಕುತ್ತಿದ್ದ ಬೂಟುಗಳವು. ಹಿಮ್ಮಡಿಯಿಂದ ಮೂತಿಯವರೆಗೆ ಬೆರಳು ದಪ್ಪ ಮರಳು!

"ಅಕ್ಕಾ, ಅವರ ಬೂಟು ನೋಡು!" ಎಂದು ಬೆರಳು ತೋರಿಸಿ ಕೂಗಿದೆ. ಅದನ್ನು ಯಾರೂ ತಿರುಗಿಸಿ ಹೇಳಬೇಕಾಗಲಿಲ್ಲ. ಮೈದಾನವೇ ನಕ್ಕಿತು. ಅವರು ನಗಲಿಲ್ಲ. ಬೂಟನ್ನು ನೋಡಿ, ಕೋಲಿನಿಂದ ಮೈದಾನದತ್ತ ತೋರಿಸಿ, "ಯಲ್ಲಾ" ಎಂದರು, ಅರಬ್ಬಿಯಲ್ಲಿ ನಡೆ ಎಂದು.

ನಾನು ಬರಿಗಾಲಲ್ಲೇ ಆಡಿದೆ. ನಾವು ಸೋತೆವು. ಅವರು ನಾರ್ವೆಗೆ ಮರಳುವವರೆಗೂ ಅಪ್ಪನೊಡನೆ ಒಂದು ಮಾತೂ ಆಡಲಿಲ್ಲ, ಅಪ್ಪನೂ ಆಡಲಿಲ್ಲ.

ನೀವೀಗ ದಮ್ಮಾಮಿನ ತಣ್ಣನೆಯ ಒಳಾಂಗಣದಲ್ಲಿ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಆಡುವಿರಿ. ಚೆಂಡಿಗೆ ಎಣ್ಣೆಯೂ ಬೇಡ, ಮರಳೂ ಅಂಟದು. ನಾರ್ವೆಯ ಈಗಿನ ಆಟಗಾರನ ಗೋಲನ್ನು ಮೊಬೈಲಿನಲ್ಲಿ ಕಂಡು ಕುಣಿಯುವಿರಿ. ಆತ ನಿಮ್ಮನ್ನು ಬೈಯಲಾರ. ಆತನ ಬೂಟಿನತ್ತ ಬೆರಳು ತೋರಿಸಿ ಸ್ಥಾನ ಗಿಟ್ಟಿಸುವ ಅವಕಾಶ ನಿಮಗೂ ಇಲ್ಲ. ಈ ಒಂದು ವಿಷಯದಲ್ಲಿ ಅಜ್ಜನೇ ಮೇಲೆಂಬುದನ್ನು ನಿಮ್ಮ ಅವಗಾಹನೆಗೆ ತರುತ್ತಾ, ಇದರಲ್ಲಿ ಕಂಡುಬರುವ ತಪ್ಪುಗಳನ್ನು ಕೆಂಪು ಪೆನ್ನಿನಿಂದ ತಿದ್ದಿಕೊಡಬೇಕಾಗಿ ವಿನಂತಿ.