ಅರ್ಧ ಬ್ಯಾಟರಿ

ನನ್ನ ಗಂಡನಿಗೆ ಆಫೀಸಿನಲ್ಲಿ ಮಿಲಿಯಾಂಪ್ ಎಂಬ ಅಡ್ಡಹೆಸರು. ಮಿಲಿಯಾಂಪ್ ಅಂದರೆ ಕರೆಂಟಿನ ಚಿಲ್ಲರೆ. ಬ್ಯಾಟರಿಯಲ್ಲಿ ನಡೆಯುವ ಯಂತ್ರಗಳನ್ನು ಮಾಡುವ ಕಂಪನಿಯಲ್ಲಿ ಇಪ್ಪತ್ತಾರು ವರ್ಷ ಆ ಚಿಲ್ಲರೆಯನ್ನೇ ಉಳಿಸಿಕೊಂಡು ಬಂದವರು ಅವರು. ಮನೆಯಲ್ಲೂ ಅದೇ ಬುದ್ಧಿ. ನಾನು ಕೋಣೆಯಿಂದ ಆಚೆ ಕಾಲಿಡುವುದರೊಳಗೆ ಬೆನ್ನ ಹಿಂದೆ ದೀಪ ಆರಿರುತ್ತಿತ್ತು. ಟಿವಿಯ ಕೆಂಪು ಚುಕ್ಕೆ ಕಂಡರೂ ಅವರಿಗೆ ಹೊಟ್ಟೆಯುರಿ. ಹುಟ್ಟಿದಾಗ ಅಳುವುದಕ್ಕೂ ಹಿಂದೆಮುಂದೆ ನೋಡಿರಬೇಕು ಎಂದು ನಾನು ರೇಗಿಸುತ್ತಿದ್ದೆ. ಆಗ ನನಗೆ ಬಾಯಿ ಇತ್ತು. ಇತ್ತು ಅಂದರೆ ಸಾಲದು, ಅದಕ್ಕೆ ಬೀಗವೇ ಇರಲಿಲ್ಲ.

ನಾಲ್ಕು ವರ್ಷದ ಹಿಂದೆ ನರದ ಕಾಯಿಲೆಯೊಂದು ಮೊದಲು ನನ್ನ ನಾಲಿಗೆಯನ್ನು ಹಿಡಿಯಿತು, ಆಮೇಲೆ ಬಲಗೈಯನ್ನು. ಈಗ ನಾನು ಹೇಳಿದ ಹಾಗೆ ಕೇಳುವುದು ಎಡಗೈಯ ತೋರುಬೆರಳೊಂದೇ. ಪೆನ್ನು ಹಿಡಿದರೆ ಬರೀ ಗೀಚು. ಫೋನಿನ ಸಣ್ಣ ಅಕ್ಷರಗಳ ಮೇಲೆ ಆ ಬೆರಳೂ ನಿಲ್ಲುವುದಿಲ್ಲ. ಇದನ್ನೂ ಒಂದೊಂದೇ ಅಕ್ಷರ ಒತ್ತಿ ಬರೆಯುತ್ತಿದ್ದೇನೆ, ಸುತ್ತಿ ಬಳಸಿ ಹೇಳುವ ಸೌಭಾಗ್ಯ ನನಗಿಲ್ಲ.

ನನ್ನಂಥವರಿಗೆಂದು ಕಂಪನಿ ಒಂದು ಸ್ಲೇಟು ಮಾಡಲಿ ಎಂದು ಅವರೇ ಹಟ ಹಿಡಿದರು. ಕೆಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಗುಂಡಿಗಳು, ಮೇಲೆ ಪರದೆ. ಒತ್ತಿದ್ದು ದಪ್ಪಕ್ಷರದಲ್ಲಿ ಮೂಡುತ್ತದೆ. ಆ ವರ್ಷವೆಲ್ಲ ನಮ್ಮ ಊಟದ ಮೇಜು ಅವರ ಕೆಲಸದ ಮೇಜಾಯಿತು.

ಪರದೆಗೆ ತನ್ನದೇ ಬೆಳಕಿಲ್ಲ, ಹಿಂದೆ ಪುಟ್ಟ ಎಲ್‌ಇಡಿಗಳು ಉರಿದರೆ ಮಾತ್ರ ಅಕ್ಷರ ಕಾಣುವುದು ಎಂದು ಅವರು ನನಗೆ ಹೇಳಿಕೊಟ್ಟರು. ಅವುಗಳಿಗೆ ಬ್ಯಾಟರಿಯ ವೋಲ್ಟೇಜ್ ಸಾಲುವುದಿಲ್ಲ. ಅದನ್ನು ಏರಿಸಿ ಕೊಡುವ ಅಕ್ಕಿಕಾಳಿನಷ್ಟಿರುವ ಚಿಪ್‌ಗೆ ಡ್ರೈವರ್ ಎನ್ನುತ್ತಾರೆ. ಎರಡು ಡ್ರೈವರುಗಳಲ್ಲಿ ಒಂದನ್ನು ಆರಿಸಬೇಕಿತ್ತು. ಒಂದನೆಯದು ಕಣ್ಣು ಕೋರೈಸುವಷ್ಟು ಬೆಳಕು ಕೊಡುತ್ತಿತ್ತು, ಆದರೆ ಬ್ಯಾಟರಿ ಸ್ವಲ್ಪ ಇಳಿದರೂ ಮುನಿಸಿಕೊಂಡು ಕೂರುತ್ತಿತ್ತು. ಇನ್ನೊಂದರದು ಮಂದ ಬೆಳಕು, ಬ್ಯಾಟರಿಯ ಕೊನೆಯ ಉಸಿರಿನವರೆಗೂ ಆರುತ್ತಿರಲಿಲ್ಲ.

ಆಫೀಸಿನವರು ಎಲ್ಲವನ್ನೂ ಪರೀಕ್ಷೆ ಮಾಡುತ್ತಿದ್ದುದು ಬೆಂಚ್ ಸಪ್ಲೈಗೆ ಸಿಕ್ಕಿಸಿ. ಅದು ಗೋಡೆಯ ಕರೆಂಟು ತೆಗೆದುಕೊಂಡು ಬ್ಯಾಟರಿಯ ಹಾಗೆ ನಟಿಸುವ ಪೆಟ್ಟಿಗೆ. ಅದಕ್ಕೆ ದಣಿವಿಲ್ಲ, ಮುಪ್ಪಿಲ್ಲ. ಇವರು ಮಾತ್ರ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಅರ್ಧ ಸತ್ತ ಬ್ಯಾಟರಿಗಳನ್ನು ಕೂಡಿಟ್ಟಿದ್ದರು. ಅವುಗಳನ್ನು ಮುದುಕರು ಎಂದು ಕರೆದು, ಒಬ್ಬೊಬ್ಬ ಮುದುಕನನ್ನೇ ಸಿಕ್ಕಿಸಿ ಎರಡು ಡ್ರೈವರುಗಳನ್ನೂ ನೋಡಿದರು. ಕೋರೈಸುವ ಡ್ರೈವರು ಎಲ್ಲ ಮುದುಕರ ಮುಂದೆಯೂ ಕೈಕೊಟ್ಟಿತು. ಅವರು ಮಂದ ಬೆಳಕಿನದನ್ನೇ ಆರಿಸಿ, ಆರು ಪುಟ ವರದಿ ಬರೆದು ತೆಗೆದುಕೊಂಡು ಹೋದರು.

ಸಂಜೆ ಬಂದು, "ಪಾಸಾಯ್ತು ಕಣೇ, ಮುಖ್ಯ ವಿನ್ಯಾಸಕಾರ ಅಂತ ನನ್ನ ಹೆಸರನ್ನೇ ಹಾಕ್ತಾರಂತೆ" ಅಂದರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವರ ಹೆಸರು ಆಫೀಸಿನ ಕೋಣೆಯೊಂದರ ಬಾಗಿಲಿನ ಮೇಲೆ ಏರಿತು. ನಾನು ಎಡಗೈಯಿಂದ ಮೇಜು ಕುಟ್ಟಿ ಸಂತೋಷಪಟ್ಟೆ.

ತಯಾರಾದ ಮೊದಲ ಸ್ಲೇಟು ನನ್ನ ಮಡಿಲಿಗೆ ಬಂತು. ಅದರ ಬೆಳಕು ಭರ್ಜರಿಯಾಗಿತ್ತು. ಮಂದ ಬೆಳಕು ಅಂದಿದ್ದರಲ್ಲ ಎಂದು ಒಂದು ಕ್ಷಣವೂ ನನಗೆ ಹೊಳೆಯಲಿಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಬೆಳಿಗ್ಗೆ ಎದ್ದ ಕೂಡಲೇ ಅವರು ಅದನ್ನು ಚಾರ್ಜಿಗೆ ಹಾಕುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಬಂದಾಗ ಮತ್ತೆ. ನಾನು ಯಾರೊಂದಿಗೋ ಹರಟುತ್ತಿದ್ದರೂ ನಡುವೆ ಕಿತ್ತುಕೊಂಡು ಗೋಡೆಗೆ ಸಿಕ್ಕಿಸುವರು. ಟಿವಿಯ ಚುಕ್ಕೆಗೆ ಅಳುವ ಮನುಷ್ಯ ನನ್ನ ಮಾತಿಗೆ ಇಷ್ಟು ಕರೆಂಟು ಸುರಿಯುತ್ತಾರಲ್ಲ ಎಂದು ನಾನು ಒಳಗೊಳಗೇ ಉಬ್ಬಿದೆ. ನನ್ನ ತಮ್ಮನ ಹೆಂಡತಿಯ ಹತ್ತಿರ ಅದನ್ನು ಹೇಳಿ ಜಂಬವನ್ನೂ ಕೊಚ್ಚಿಕೊಂಡೆ.

ಅಮ್ಮ ಆಸ್ಪತ್ರೆಗೆ ಸೇರಿದ್ದು ಈ ವರ್ಷದ ಶುರುವಿನಲ್ಲಿ. ಅವಳೊಂದಿಗೆ ನನಗೆ ಹನ್ನೊಂದು ವರ್ಷದಿಂದ ಮಾತಿರಲಿಲ್ಲ. ತಂಗಿಯ ಮದುವೆ ಮುರಿದಾಗ, ಗಂಡಿನ ಕಡೆಯವರಿಗೆ ಚಾಡಿ ಹೇಳಿದವಳು ನೀನೇ ಎಂದು ಹತ್ತು ಜನರ ಮುಂದೆ ಅಮ್ಮನ ಮುಖಕ್ಕೆ ಅಂದಿದ್ದೆ. ಹೇಳಿದವಳು ಅವಳಲ್ಲ ಎಂದು ಎರಡು ತಿಂಗಳಲ್ಲಿ ಗೊತ್ತಾಯಿತು. ಹೋಗಿ ತಪ್ಪಾಯಿತು ಅನ್ನಲು ಕೊಬ್ಬು ಬಿಡಲಿಲ್ಲ. ಆಮೇಲೆ ಅನ್ನೋಣವೆಂದರೆ ಬಾಯಿಯೇ ಇರಲಿಲ್ಲ. ಅವಳಿಗೂ ಕಿವಿ ಹೋಗಿತ್ತು. ಆದರೆ ಕನ್ನಡಕ ಹಾಕಿದರೆ ದಪ್ಪಕ್ಷರ ಓದುತ್ತಾಳೆ ಎಂದು ತಮ್ಮ ಹೇಳಿದ್ದ.

ಆ ದಿನ ಇವರು ಕಂಪನಿಯ ಕೆಲಸಕ್ಕೆಂದು ಬೇರೆ ಊರಿಗೆ ಹೋಗಿದ್ದರು. ತಮ್ಮನ ಹೆಂಡತಿ ನನ್ನನ್ನು ಕರೆದುಕೊಂಡು ಹೋದಳು. ಹೊರಡುವಾಗ ನೋಡಿದೆ, ಪರದೆಯ ಮೂಲೆಯಲ್ಲಿ ಬ್ಯಾಟರಿ ಅರ್ಧ ತೋರಿಸುತ್ತಿತ್ತು. ಅರ್ಧ ಅಂದರೆ ಧಾರಾಳವಾಯಿತು ಎಂದು ಚಾರ್ಜರನ್ನು ಮನೆಯಲ್ಲೇ ಬಿಟ್ಟೆ.

ಒಳಗೆ ಬಿಡುವುದು ಹದಿನೈದೇ ನಿಮಿಷ. ಅಮ್ಮ ಕನ್ನಡಕ ಹಾಕಿಸಿಕೊಂಡು ದಿಂಬಿಗೊರಗಿ ನನ್ನನ್ನೇ ನೋಡುತ್ತಿದ್ದಳು. "ಅಮ್ಮಾ" ಎಂದು ಒತ್ತುವಷ್ಟರಲ್ಲಿ ಪರದೆ ಕಪ್ಪಾಯಿತು. ಗುಂಡಿಗಳು ಟಕ್ ಟಕ್ ಎನ್ನುತ್ತಲೇ ಇದ್ದವು. ಈಗ ಬಂದೀತು ಬೆಳಕು ಎಂದು ನಾನೂ ಒತ್ತುತ್ತಲೇ ಹೋದೆ, ಒಂದು ಸಾಲು ಪೂರ್ತಿ. ತಮ್ಮನ ಹೆಂಡತಿ ಸ್ಲೇಟನ್ನು ಕುಲುಕಿದಳು, ತಟ್ಟಿದಳು, ಅಮ್ಮನ ಮುಖದ ಹತ್ತಿರ ಹಿಡಿದಳು. ಆ ಕಪ್ಪು ಗಾಜಿನಲ್ಲಿ ಅಮ್ಮನಿಗೆ ಕಂಡಿದ್ದು ತನ್ನ ಮುಖವೇ ಇರಬೇಕು.

"ಅವತ್ತು ಅಷ್ಟು ಜನರ ಮುಂದೆ ಮಾತಾಡಿದೆ. ಇವತ್ತು ನಾನೊಬ್ಬಳೇ ಇದ್ದೀನಿ, ಏನೂ ಇಲ್ವಾ?" ಅಂದಳು.

ನಾನು ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಂಡು ಗೋಡೆಯ ಕಡೆ ತಿರುಗಿದಳು. ಅಷ್ಟರಲ್ಲಿ ನರ್ಸು ಬಂದು ಹೊತ್ತಾಯಿತು ಎಂದಳು. ಮರುದಿನ ಬೆಳಿಗ್ಗೆಯಿಂದ ಅಮ್ಮನಿಗೆ ಎಚ್ಚರವಿರಲಿಲ್ಲ, ಮೂರನೆಯ ದಿನ ಹೋಗಿಬಿಟ್ಟಳು.

ಎಲ್ಲ ಮುಗಿದ ಮೇಲೆ ಇವರು ಸ್ಲೇಟನ್ನು ಗೋಡೆಗೆ ಸಿಕ್ಕಿಸಿದರು. ಥಟ್ಟನೆ ಬೆಳಕು ಬಂತು. ನಾನು ಅವತ್ತು ಒತ್ತಿದ ಸಾಲು ಇನ್ನೂ ಅದರಲ್ಲೇ ಇತ್ತು: "ಅಮ್ಮಾ, ನಾನಂದದ್ದು ಸುಳ್ಳು, ನಿನ್ನದೇನೂ ತಪ್ಪಿರಲಿಲ್ಲ." ಅವರು ಅದನ್ನು ಓದಿದರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು.

"ಅರ್ಧಕ್ಕಿಳಿದ್ರೆ ಆರಿಹೋಗುತ್ತೆ ಅಂತ ನನಗೆ ಗೊತ್ತಿತ್ತು ಕಣೇ."

ಕಂಪನಿಯ ದೊಡ್ಡ ಸಾಹೇಬರು ಎರಡು ಡ್ರೈವರುಗಳ ಎರಡು ಸ್ಲೇಟುಗಳನ್ನು ಬೆಂಚ್ ಸಪ್ಲೈಗೆ ಸಿಕ್ಕಿಸಿ ಪಕ್ಕಪಕ್ಕ ಇಡಿಸಿ, ಯಾವುದು ಹೆಚ್ಚು ಬೆಳಗುತ್ತದೋ ಅದೇ ಇರಲಿ ಅಂದರಂತೆ. ವರದಿಯ ಆರು ಪುಟದಲ್ಲಿ ಒಂದನ್ನೂ ತಿರುವಲಿಲ್ಲವಂತೆ. ಕೋರೈಸುವ ಡ್ರೈವರನ್ನು ಒಪ್ಪುವ ಕಾಗದ ಮುಖ್ಯ ವಿನ್ಯಾಸಕಾರರ ಸಹಿಗೆಂದು ಮುಂದೆ ಬಂದಾಗ ಇವರು ಪೆನ್ನು ತೆಗೆದರು. ಮನೆಯಲ್ಲಿ ತಾನಿದ್ದೇನಲ್ಲ, ಬ್ಯಾಟರಿ ಇಳಿಯಲು ಬಿಡದಿದ್ದರಾಯಿತು ಎಂದುಕೊಂಡರಂತೆ. ಒಂದು ಮಾತು ನನಗೆ ಹೇಳಿದ್ದರೆ ಸಾಕಿತ್ತು, ಚಾರ್ಜರನ್ನು ಕೊರಳಿಗೆ ಕಟ್ಟಿಕೊಂಡಾದರೂ ಹೋಗುತ್ತಿದ್ದೆ. ಪ್ರೀತಿ ಎಂದುಕೊಂಡು ನಾನು ಊರಿಗೆಲ್ಲ ಹೇಳಿಕೊಂಡು ಬಂದದ್ದು ಕಳ್ಳನ ಕಾವಲು.

ಮುಂದಿನ ಭಾನುವಾರ ಅವರು ಸ್ಲೇಟು ಬಿಚ್ಚಿ, ಭೂತಗನ್ನಡಿ ಹಿಡಿದು, ಮಂದ ಬೆಳಕಿನ ಡ್ರೈವರನ್ನು ತಾವೇ ಕೂರಿಸಿದರು. ಡಬ್ಬಿಯಲ್ಲಿದ್ದ ಅತ್ಯಂತ ಹಳೆಯ ಮುದುಕನನ್ನು ಹಾಕಿ ನನ್ನ ಮುಂದಿಟ್ಟು, ಏನಾದರೂ ಒತ್ತಿ ನೋಡು ಅಂದರು.

"ಸಹಿ ಯಾಕೆ ಹಾಕಿದ್ರಿ?" ಎಂದು ಒತ್ತಿದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡರು. ಬೆಳಕು ಸಾಕಷ್ಟಿತ್ತು, ಕಾಣಲಿಲ್ಲ ಎನ್ನುವ ಹಾಗಿರಲಿಲ್ಲ. ಆದರೂ ಅವರು ಚಾರ್ಜರಿಗಾಗಿ ಕೈ ಚಾಚಿದರು.