ಗೂಗಿಮರಿ ಕೊಂಡ ಸೂಲಗಿತ್ತಿ

ಅಕ್ಕಲಕೋಟೆಯ ನಮ್ಮ ಓಣಿಯ ಸೂಲಗಿತ್ತಿ ಯಾವ ಕೂಸನ್ನೂ ಚೆಂದವೆಂದವಳಲ್ಲ. ಹುಟ್ಟಿದ್ದನ್ನು ಎತ್ತಿ ಹಿಡಿದು, ಮೂಗು ಮುರಿದು, ಗೂಬೆಯ ಮರಿಗೆ ಹೋಲಿಸಿ, "ಥೂ, ಗೂಗಿಮರಿ!" ಅನ್ನುವಳು. ಹೊಗಳಿದರೆ ಸಾವಿನ ಕಿವಿಗೆ ಬೀಳುತ್ತದಂತೆ.

ಪ್ಲೇಗಿನ ವರ್ಷ, ಬೆಳಗ್ಗೆ ಆಡುತ್ತಿದ್ದ ನನ್ನ ಅಣ್ಣ ಸಂಜೆಗೆ ಇರಲಿಲ್ಲ. ಆಮೇಲೆ ಅವ್ವ ನಕ್ಕಿರಲಿಲ್ಲ. ತಮ್ಮ ಹುಟ್ಟಿದಾಗ, ಅವನಾದರೂ ಉಳಿಯಲೆಂದು, ಒಂದು ಮೊರ ತೌಡಿಗೆ ಸೂಲಗಿತ್ತಿಗೆ ಮಾರುವ ಶಾಸ್ತ್ರ ನಡೆಯಿತು.

"ಬೈದು ಮಾರಬೇಕವ್ವಾ," ಎಂದಳು ಸೂಲಗಿತ್ತಿ.

ಅವ್ವ ತಡವರಿಸಿದಳು. "ಮೂಗು... ಚಪ್ಪಟಿ ಐತಿ."

"ಮತ್ತ?"

"ಕಿವಿ ಆನೀವು! ದನಿ ಕಾಗೀದು!"

ಬೈಯುತ್ತ ಬೈಯುತ್ತ ಅವ್ವನಿಗೆ ನಗು ತಡೆಯಲಾಗಲಿಲ್ಲ. ನೆರೆದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು.

ಸೂಲಗಿತ್ತಿ ತೌಡು ಸುರಿದು, ಕೂಸನ್ನು ಎತ್ತಿಕೊಂಡು ನಡೆದೇಬಿಟ್ಟಳು. ಸಂಜೆಗೆ ಮರಳಿ ಕೊಳ್ಳುವುದು ರೂಢಿ. ಅವಳಿನ್ನೂ ನಾಲ್ಕು ಮನೆ ದಾಟಿರಲಿಲ್ಲ, ಅವ್ವ ಹೊಸ್ತಿಲಿಗೆ ಓಡಿಬಂದು ಕೂಗಿದಳು:

"ಆಯೀ, ನನ್ನ ಗೂಗಿಮರಿ ನನಗ ಕೊಡು!"