ಮೂರು ತಿಂಗಳ ಗುಟ್ಟು

ಆಶಾ ಕಾರ್ಯಕರ್ತೆ ಚಿಕ್ಕಮಲ್ಲಮ್ಮನ ಬಾಯಿಗೆ ಹೆದರದ ಮನೆ ಹರವೆ ಕಡೆಯ ನಮ್ಮೂರಲ್ಲಿ ಇರಲಿಲ್ಲ. ಬಸುರಾದದ್ದನ್ನು ಮೂರು ತಿಂಗಳು ತುಂಬುವವರೆಗೆ ಹೊರಗೆ ಹೇಳಬಾರದು, ಕಣ್ಣು ಬೀಳುತ್ತದೆ ಎನ್ನುವ ಅತ್ತೆಯಂದಿರನ್ನು ಬೀದಿಯಲ್ಲೇ ನಿಲ್ಲಿಸಿ ಬೈಯುತ್ತಿದ್ದಳು. "ಮುಚ್ಚಿಡ್ತೀಯಲ್ಲ, ಹೆಚ್ಚುಕಮ್ಮಿ ಆದ್ರೆ ಕಣ್ ಹಾಕ್ದೋರು ಬಂದು ನೋಡ್ಕತಾರಾ?" ಅಂಗನವಾಡಿ ಟೀಚರ್ ಆದ ನನಗೆ ಒಳಗೆ ಕೂತೇ ಕೇಳಿಸಿ ನಗು ಬರುತ್ತಿತ್ತು.

ಆಕೆಯ ಸೊಸೆ ತೇಜಸ್ವಿನಿ ಗುಂಡ್ಲುಪೇಟೆಯ ಹುಡುಗಿ. ಮದುವೆಯಾದ ಎರಡನೇ ವರ್ಷ ಕಿಬ್ಬೊಟ್ಟೆ ನೋವು ಬಂತು. ನಾಚಿಕೆಗೆ ಯಾರಿಗೂ ಹೇಳದೆ ತಿಂಗಳುಗಟ್ಟಲೆ ನುಂಗಿಕೊಂಡಳು. ಜ್ವರ ಏರಿ ಚಾಮರಾಜನಗರಕ್ಕೆ ಕರೆದೊಯ್ದಾಗ, ಗರ್ಭನಾಳ ಊದಿಕೊಂಡಿದೆ ಎಂದರು ಡಾಕ್ಟರಮ್ಮ. ಮಾತ್ರೆಗೆ ಸೋಂಕು ಹೋಯಿತು, ನಾಳದೊಳಗೆ ಗಾಯದ ಗುರುತು ಉಳಿಯಿತು. "ಮುಂದೆ ಮುಟ್ಟು ನಿಂತರೆ ಅದೇ ವಾರ ಸ್ಕ್ಯಾನಿಂಗಿಗೆ ಬನ್ನಿ. ಪಿಂಡ ನಾಳದಲ್ಲೇ ಸಿಕ್ಕಿಕೊಂಡರೆ ನಾಳ ಒಡೆದುಹೋಗುತ್ತದೆ, ಜೀವಕ್ಕೇ ಅಪಾಯ." ಚಿಕ್ಕಮಲ್ಲಮ್ಮ ಎಲ್ಲದಕ್ಕೂ ತಲೆಯಾಡಿಸಿದ್ದಳು.

ಆಮೇಲೆ ನಾಲ್ಕು ವರ್ಷ, ಮಕ್ಕಳಾಗಲಿಲ್ಲವೆಂದು ಊರು ಆಡಿಕೊಂಡಿತು. ಹೋದ ಶ್ರಾವಣದಲ್ಲಿ ಮುಟ್ಟು ನಿಂತಿತು. ಊರಿಗೆಲ್ಲ ಬೈದ ಬಾಯಿ ತನ್ನ ಅಡುಗೆಮನೆಯಲ್ಲಿ ಪಿಸುಗುಟ್ಟಿತು. "ಯಾರ್ಗೂ ಉಸುರ್ಬೇಡ ಕಣಮ್ಮಿ. ಸ್ಕ್ಯಾನಿಂಗ್ಗೋದ್ರೆ ಎಲ್ರಿಗೂ ಗೊತ್ತಾಯ್ತದೆ. ಮೂರು ತಿಂಗ್ಳು ತುಂಬ್ಲಿ, ನಾನೇ ಕರ್ಕೊಂಡೋಯ್ತೀನಿ." ತಾಯಿ ಕಾರ್ಡಿನ ಮೇಲೆ ಸೊಸೆಯ ಹೆಸರು ಬರೆದು, ಅದನ್ನು ಮಾದಪ್ಪನ ಪಟದ ಹಿಂದೆ ಇಟ್ಟಳಂತೆ. ಇದೆಲ್ಲ ಆಮೇಲೆ ಆಕೆಯೇ ನನ್ನ ಮುಂದೆ ಅತ್ತುಕೊಂಡು ಹೇಳಿದ್ದು.

ಕೆಲಸ ಬಿಟ್ಟರೆ ಜನಕ್ಕೆ ಅನುಮಾನ ಬರುತ್ತದೆಂದು ತೇಜಸ್ವಿನಿ ಚೆಂಡುಹೂ ಬಿಡಿಸಲು ಹೋಗುತ್ತಲೇ ಇದ್ದಳು. ಒಂದು ಬೆಳಿಗ್ಗೆ ಹೊಟ್ಟೆ ಹಿಂಡುತ್ತದೆ, ಹೆಗಲೂ ನೋಯುತ್ತದೆ ಎಂದು ವಾಪಸು ಬಂದಳು. ಹೂವಿನ ಚೀಲ ಹೊತ್ತದ್ದಕ್ಕೆ ಎಂದುಕೊಂಡು ಅತ್ತೆ ಹೆಗಲಿಗೆ ಎಣ್ಣೆ ತಿಕ್ಕಿದಳು. ಹೊಟ್ಟೆಯೊಳಗೆ ರಕ್ತ ಸೋರಿದರೂ ಹೆಗಲು ನೋಯುತ್ತದೆಂದು ಆಕೆಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮಧ್ಯಾಹ್ನಕ್ಕೆ ಹುಡುಗಿಯ ತುಟಿ ಬಿಳಚಿಕೊಂಡಿತ್ತು.

ಆಂಬುಲೆನ್ಸಿಗೆ ನಾನೂ ಹತ್ತಿದೆ. "ಮುಟ್ಟು ನಿಂತಿದೆಯೇನಮ್ಮ?" ಎಂದು ನರ್ಸ್ ಕೇಳಿದಳು. ತೇಜಸ್ವಿನಿ ಅತ್ತೆಯ ಮುಖ ನೋಡಿ, ಇಲ್ಲವೆಂದು ತಲೆಯಾಡಿಸಿದಳು.

ಆಗ ಚಿಕ್ಕಮಲ್ಲಮ್ಮ ಕಿರುಚಿಕೊಂಡಳು. "ಎರಡು ತಿಂಗ್ಳು! ಎರಡು ತಿಂಗ್ಳಾಗ್ಯದೆ ಕಣವ್ವ!" ನನಗೆ ಸಿಟ್ಟು ನೆತ್ತಿಗೇರಿತು. ಆದರೂ ಬೈಯದೆ ಹುಡುಗಿಯ ಕೈ ಹಿಡಿದುಕೊಂಡೆ.

ಆಸ್ಪತ್ರೆಯಲ್ಲಿ ಆಪರೇಷನ್ ಕೋಣೆಯ ಬಾಗಿಲ ಬಳಿ ಹುಡುಗಿ ಅತ್ತೆಯ ಸೆರಗು ಹಿಡಿದುಕೊಂಡಳು.

"ನಾನು ಯಾರ್ಗೂ ಯೋಳ್ನಿಲ್ಲ ಕಣತ್ತೆ" ಎಂದಳು.

ಮತ್ತೆ ಅವಳು ಕಣ್ಣು ಬಿಡಲಿಲ್ಲ.